ರಶೀದಿ ಇಲ್ಲದ ಊಟ

ಆಷಾಢದ ಒಂದು ಸೋಮವಾರ, ನಾನು ಕಚೇರಿಗೆ ಬಂದು ಚೀಲ ಕೆಳಗಿಡುವಷ್ಟರಲ್ಲಿ ಸಾಹೇಬರು ಕರೆಸಿದರು. ಕೋಲಾರದ ಜಿಲ್ಲಾ ಕಚೇರಿಯಲ್ಲಿ ವಿದ್ಯಾರ್ಥಿಗಳ ಊಟ ಮತ್ತು ವಸತಿ ಸಹಾಯಧನದ ಕಡತಗಳು ನನ್ನ ಮೇಜಿನವು. ಸರ್ಕಾರಿ ಹಾಸ್ಟೆಲಿನಲ್ಲಿ ಜಾಗ ಸಿಗದೆ, ಪೇಟೆಯಲ್ಲಿ ಎಲ್ಲೋ ಒಂದು ಕಡೆ ಉಳಿದುಕೊಂಡು ಕಾಲೇಜು ಓದುವ ಮಕ್ಕಳಿಗೆ ಸಿಗುವ ನೆರವು ಅದು. ಸಾಹೇಬರು ಮೂರು ಹಾಳೆಯ ಕರಡು ಆದೇಶವೊಂದನ್ನು ನನ್ನ ಕಡೆ ತಳ್ಳಿದರು.

“ಓದಿ ಮೇಡಂ. ನಿಯಮ ಬದಲಾಯಿಸ್ತಾರಂತೆ.”

ನಿಂತಲ್ಲೇ ಓದಿದೆ. ಮೊದಲ ಎರಡು ಬದಲಾವಣೆಗಳನ್ನು ನೋಡಿ ಖುಷಿಯಾಯಿತು. ಪರೀಕ್ಷೆಯೆಲ್ಲ ಮುಗಿದ ಮೇಲೆ ಒಂದೇ ಸಲ ಬರುತ್ತಿದ್ದ ನೆರವು ಇನ್ನು ತಿಂಗಳು ತಿಂಗಳು ಬರುತ್ತದೆ. ಪ್ರತಿ ವರ್ಷ ಹೊಸದಾಗಿ ಅರ್ಜಿ ಹಾಕಬೇಕಿಲ್ಲ. ಮೂರನೆಯದನ್ನು ಎರಡು ಸಲ ಓದಬೇಕಾಯಿತು. ಮುಂದಿನ ಸಾಲಿನಿಂದ ನೋಂದಾಯಿತ ಪಿ.ಜಿ. ಅಥವಾ ಖಾಸಗಿ ಹಾಸ್ಟೆಲಿನಲ್ಲಿದ್ದು ತಿಂಗಳ ರಶೀದಿ ಹಾಜರುಪಡಿಸುವವರಿಗೆ ಮಾತ್ರ ಸಹಾಯಧನ. ಮನೆಗಳಲ್ಲಿ ಉಳಿದವರನ್ನು ‘ಬಂಧುಗಳ ಆಶ್ರಯದಲ್ಲಿರುವವರು’ ಎಂದು ಪರಿಗಣಿಸಿ ಕೈಬಿಡತಕ್ಕದ್ದು. ಊರಿನಲ್ಲೇ ಇದ್ದುಕೊಂಡು ಪೇಟೆಯ ವಿಳಾಸ ಕೊಡುವವರನ್ನು ತಡೆಯುವುದಕ್ಕಾಗಿ ಈ ನಿಯಮ ಎಂದು ಕೆಳಗೆ ಬರೆದಿತ್ತು. ಉದ್ದೇಶವೇನೂ ತಪ್ಪಲ್ಲ. ಆದರೆ ನಮ್ಮ ಕಡತಗಳಲ್ಲಿರುವ ಹೆಣ್ಣುಮಕ್ಕಳು ಹೆಚ್ಚಾಗಿ ಇರುವುದೇ ಮನೆಗಳಲ್ಲಿ.

“ಹದಿನೈದು ದಿನದಲ್ಲಿ ಅಭಿಪ್ರಾಯ ಕಳಿಸ್ಬೇಕು. ಸ್ಥಳ ಪರಿಶೀಲನೆ ಮಾಡಿಯೇ ಕಳಿಸ್ಬೇಕಂತೆ,” ಎಂದರು ಸಾಹೇಬರು. “ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ. ನಾಲ್ಕೂ ನೀವೇ ನೋಡ್ಕೊಂಡು ಬಂದ್ಬಿಡಿ.”

ಕರಡಿನ ಜೊತೆಗೆ ಒಂದು ನಮೂನೆ ಇತ್ತು. ಹನ್ನೊಂದು ಕಾಲಂ. ಆರನೆಯದು ವಸತಿಯ ನೋಂದಣಿ ಸಂಖ್ಯೆ, ಕೊನೆಯದು ಮಾಲೀಕರ ಸಹಿ. ಅದರ ಪ್ರತಿಗಳನ್ನು ಒಂದು ಪ್ಲಾಸ್ಟಿಕ್ ಫೈಲಿಗೆ ತುಂಬಿಕೊಂಡು ಮರುದಿನವೇ ಬಸ್ಸು ಹತ್ತಿದೆ.

ಮೊದಲು ನರಸಾಪುರ. ಅಲ್ಲಿ ಕಾರ್ಖಾನೆಗಳು ಬಂದ ಮೇಲೆ ರಸ್ತೆಯುದ್ದಕ್ಕೂ ಪಿ.ಜಿ.ಗಳು ಎದ್ದಿವೆ, ನೋಂದಣಿ ಸಂಖ್ಯೆಗೇನೂ ಕೊರತೆಯಿಲ್ಲ. ಒಂದು ಕಟ್ಟಡದ ಮಾಲೀಕ ಪ್ರಮಾಣಪತ್ರವನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದ. ಆದರೆ ಕಾಲೇಜು ಹುಡುಗಿಯರಿಗೆ ಜಾಗ ಕೊಡುತ್ತೀರಾ ಎಂದರೆ ತಲೆಯಾಡಿಸಿದ.

“ಸ್ಟೂಡೆಂಟ್ಸ್ ಬೇಡ ಮೇಡಂ. ಶಿಫ್ಟ್‌ನೋರಾದ್ರೆ ಒಬ್ರು ಎದ್ದು ಕಂಪ್ನಿ ಬಸ್ಸಿಗೆ ಹೋಗ್ತಾರೆ, ಇನ್ನೊಬ್ರು ಬಂದು ಅದೇ ಮಂಚದಲ್ಲಿ ಮಲಗ್ತಾರೆ. ಸ್ಟೂಡೆಂಟ್ಸ್ ಆದ್ರೆ ಇಡೀ ಮಂಚ ಅವ್ರಿಗೇ ಬೇಕು.”

ಮಾಲೂರಿನಲ್ಲೂ ಹೆಚ್ಚುಕಡಿಮೆ ಇದೇ ಉತ್ತರ. ಲಕ್ಕೂರು ಕಡೆಯಿಂದ ಬಂದ ನಾಲ್ಕು ಹುಡುಗಿಯರು ಒಬ್ಬ ಟೈಲರ್ ಮನೆಯ ಮಹಡಿಯಲ್ಲಿದ್ದರು. ಟೈಲರ್ ನನಗೆ ಕುರ್ಚಿ ಹಾಕಿ, ಟೀ ತರಿಸಿ, ಹನ್ನೊಂದು ಕಾಲಂಗಳನ್ನೂ ನಿಧಾನವಾಗಿ ಓದಿದರು. ಓದಿ ಮುಗಿಸಿದ ಮೇಲೆ ಫಾರಂ ಅನ್ನು ಮಡಚಿ ನನ್ನ ಕೈಗೇ ಕೊಟ್ಟು, “ಯೋಚ್ನೆ ಮಾಡಿ ಹೇಳ್ತೀನಿ ಮೇಡಂ,” ಎಂದರು. ಅವರು ಯೋಚನೆ ಮಾಡಿ ಮುಗಿಸಿದರೋ ಇಲ್ಲವೋ, ನನಗೆ ಫೋನಂತೂ ಬರಲಿಲ್ಲ.

ಗುರುವಾರ ಶ್ರೀನಿವಾಸಪುರಕ್ಕೆ ಹೋದೆ. ಮಾವಿನ ಸುಗ್ಗಿಯ ಕೊನೆ. ಮಂಡಿಗಳ ಮುಂದೆ ಲಾರಿಗಳು ನಿಂತಿದ್ದವು, ಬಸ್ ನಿಲ್ದಾಣದವರೆಗೂ ಹಣ್ಣಿನ ವಾಸನೆ. ನಾನು ಹುಡುಕುತ್ತಿದ್ದ ಮನೆ ಮಂಡಿಗಳ ಹಿಂದಿನ ಬೀದಿಯಲ್ಲಿತ್ತು. ಅಂಗನವಾಡಿಯಲ್ಲಿ ಅಡುಗೆ ಮಾಡಿ ನಿವೃತ್ತರಾದ ಹೆಂಗಸೊಬ್ಬರ ಮನೆ. ಗಂಡ ಮಂಡಿಯಲ್ಲಿ ತೂಕದ ಕೆಲಸಕ್ಕೆ ಹೋಗುತ್ತಾರೆ. ಆ ಮನೆಯ ಮೇಲಿನ ಎರಡು ಕೋಣೆಗಳಲ್ಲಿ ರಾಯಲ್ಪಾಡು ಕಡೆಯ ಐದು ಹುಡುಗಿಯರು ಇದ್ದಾರೆಂದು ಕಡತ ಹೇಳುತ್ತಿತ್ತು.

ಆಕೆ ಬಾಗಿಲಲ್ಲೇ ತಡೆದರು. ಕೈಯಲ್ಲಿ ಹಿಟ್ಟು ಮೆತ್ತಿತ್ತು.

“ಏಮಮ್ಮಾ, ಕರೆಂಟ್ ಆಫೀಸಿಂದ ಬಂದವ್ರಾ?”

“ಅಲ್ಲಮ್ಮ, ಮಕ್ಕಳ ಸಹಾಯಧನದ ಆಫೀಸಿಂದ. ನಿಮ್ಮ ಮನೇಲಿ ಐದು ಜನ ಹುಡುಗೀರು ಬಾಡಿಗೆಗೆ ಇದ್ದಾರಲ್ಲ…”

“ಬಾಡಿಗೇನಾ? ನಮ್ಮನೇಲಿ ಬಾಡಿಗೆಗೆ ಯಾರೂ ಇಲ್ಲಮ್ಮ. ಅವೆಲ್ಲಾ ನಮ್ಮ ತಂಗಿ ಮಕ್ಳು.”

“ಐದೂ ಜನಾನಾ?”

“ಐದೂ.”

“ಐದು ಜನಾನೂ ಒಂದೇ ವರ್ಷದಲ್ಲಿ ಹುಟ್ಟಿದ್ದಾರಲ್ಲಮ್ಮ, ನನ್ನ ಹತ್ತಿರ ಜನ್ಮದಿನಾಂಕ ಇದೆ.”

ಆಕೆ ಒಂದು ಕ್ಷಣ ಯೋಚಿಸಿದರು. “ತಂಗೀರು ಜಾಸ್ತಿ ನಂಗೆ,” ಎಂದರು.

ಮೆಟ್ಟಿಲ ಮೇಲೆ ನಿಂತಿದ್ದ ಹುಡುಗಿಯೊಬ್ಬಳು ಬಾಯಿಗೆ ದುಪಟ್ಟಾ ಒತ್ತಿಕೊಂಡು ನಗತೊಡಗಿದಳು. ಬಿ.ಎಸ್‌ಸಿ. ಎರಡನೇ ವರ್ಷದವಳು, ತಂದೆಯದು ರಾಯಲ್ಪಾಡಿನ ಹತ್ತಿರ ಟೊಮೆಟೊ ತೋಟ. ಇಳಿದು ಬಂದು, “ಪೆದ್ದಮ್ಮಾ, ಹಂಗನ್ಬೇಡ. ಸಂಬಂಧಿಕರು ಅಂತ ಬರ್ಕೊಂಡ್ರೆ ನಮ್ಗೆ ದುಡ್ಡು ಬರಲ್ಲ,” ಎಂದಳು. ತೆಲುಗಿನಲ್ಲಿ ದೊಡ್ಡಮ್ಮನಿಗೆ ಪೆದ್ದಮ್ಮ ಎನ್ನುತ್ತಾರೆ. ಐದೂ ಹುಡುಗಿಯರು ಆಕೆಯನ್ನು ಕರೆಯುವುದು ಹಾಗೆಯೇ. ನಾನೂ ಮುಂದೆ ಹಾಗೆಯೇ ಕರೆಯತೊಡಗಿದೆ.

ಪೆದ್ದಮ್ಮನಿಗೆ ತಾನು ಕಾಪಾಡಲು ಹೇಳಿದ ಸುಳ್ಳೇ ಮಕ್ಕಳಿಗೆ ಕುತ್ತು ಎಂದು ಅರ್ಥವಾದಾಗ ಮುಖ ಸಣ್ಣಗಾಯಿತು. ಆದರೂ ಸಹಿ ಹಾಕಲಿಲ್ಲ. ಮನೆಯನ್ನು ಪಿ.ಜಿ. ಎಂದು ಬರೆಸಿದರೆ ಕರೆಂಟ್ ಮೀಟರನ್ನು ಕಮರ್ಷಿಯಲ್ ಮಾಡಿಬಿಡುತ್ತಾರೆ, ಪುರಸಭೆಯವರು ಅಂಗಡಿಯ ಕಂದಾಯ ಹಾಕುತ್ತಾರೆ ಎಂದು ಯಾರೋ ಹೇಳಿದ್ದರು. ಆ ಭಯ ಸುಳ್ಳು ಎಂದು ಹೇಳುವಂತೆಯೂ ಇರಲಿಲ್ಲ. ನನ್ನ ಫಾರಂ ಎಲ್ಲೆಲ್ಲಿಗೆ ಹೋಗುತ್ತದೆ ಎಂಬುದು ನನಗೂ ಗೊತ್ತಿರಲಿಲ್ಲ.

ಹೀಗೆ ಹತ್ತು ದಿನ ತಿರುಗಿದೆ. ಆರನೇ ಕಾಲಂ ಎಲ್ಲ ಫಾರಂಗಳಲ್ಲೂ ಖಾಲಿ, ಹನ್ನೊಂದನೆಯದು ಬಹುತೇಕ ಖಾಲಿ. ‘ನೋಂದಾಯಿತ ವಸತಿಗಳು ವಿದ್ಯಾರ್ಥಿನಿಯರಿಗೆ ಲಭ್ಯವಿಲ್ಲ’ ಎಂದು ಎರಡು ಸಾಲು ಬರೆದು ಮುಗಿಸಬಹುದಿತ್ತು. ಸಾಹೇಬರೂ ಅಷ್ಟೇ ಸಾಕು ಎಂದಿದ್ದರು. ಬರೆಯಲು ಕುಳಿತಿದ್ದಾಗ ಮುಳಬಾಗಿಲಿನಿಂದ ಫೋನ್ ಬಂತು. ಹಿಂದಿನ ವಾರ ನೋಡಿಬಂದ ಮನೆಯ ಹುಡುಗಿ.

“ಮೇಡಂ, ನೀವು ಬಂದು ಹೋದ್ಮೇಲೆ ಅಯ್ನೋರು ರೂಮ್ ಖಾಲಿ ಮಾಡಿ ಅಂದ್ರು. ತಿಂಗ್ಳ ಕೊನೇವರ್ಗೂ ಟೈಮ್ ಕೊಟ್ಟವ್ರೆ.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ನನಗೆ ಹೆಚ್ಚು ಚುಚ್ಚಿತು. ಆದೇಶ ಇನ್ನೂ ಕರಡಿನಲ್ಲಿದೆ, ನಿಯಮ ಬದಲಾಗಿಲ್ಲ. ನನ್ನ ಫೈಲು ನೋಡಿಯೇ ಆ ಮನೆಯ ಮೂರು ಹುಡುಗಿಯರ ಜಾಗ ಹೋಗಿತ್ತು. ಅರ್ಧ ದಿನ ರಜೆ ಬರೆದು ಮುಳಬಾಗಿಲಿನ ಬಸ್ಸು ಹಿಡಿದೆ.

ಮುಳಬಾಗಿಲು ನಾನು ಹುಟ್ಟಿ ಬೆಳೆದ ಊರು. ಆ ಮನೆಯ ಯಜಮಾನರು ದೇವಸ್ಥಾನದ ಅರ್ಚಕರು. ಅವರಿಗೆ ನನ್ನ ತಂದೆಯ ಪರಿಚಯ ಚೆನ್ನಾಗಿತ್ತು, ಹಾಗಾಗಿ ಮಾತು ನೇರವಾಗಿಯೇ ಬಂತು.

“ನೋಡಮ್ಮ, ಆ ಮಕ್ಕಳ ಮೇಲೆ ನನಗೇನೂ ಬೇಸರ ಇಲ್ಲ. ನಾಳೆ ಇನ್ಯಾರೋ ಬಂದು, ಸ್ವಾಮಿ, ಇದು ಮನೆಯೋ ಲಾಡ್ಜೋ ಅಂತ ಕೇಳಿದ್ರೆ ನಾನೇನು ಹೇಳ್ಲಿ? ಈ ವಯಸ್ಸಲ್ಲಿ ಆಫೀಸು ಅಲೆಯೋದು ನನ್ನ ಕೈಲಾಗಲ್ಲ.”

ಅವರ ಹೆಂಡತಿ ಕಾಫಿ ತಂದಿಟ್ಟು ಅಲ್ಲೇ ಕುಳಿತರು. ಗಂಡನ ಮಾತು ಅವರಿಗೆ ಒಪ್ಪಿಗೆಯಾದಂತೆ ಕಾಣಲಿಲ್ಲ. ನನ್ನ ಕಡೆ ತಿರುಗಿ, “ನಿಮ್ಮ ತಾತ ಓದೋವಾಗ ಬುಧವಾರದ ಊಟ ನಮ್ಮತ್ತೆಯವರ ಮನೇಲಿ. ಗೊತ್ತೇನೇ ನಿಂಗೆ?” ಎಂದರು.

ತಾತ ವಾರಾನ್ನದಲ್ಲಿ ಓದಿದವರು ಎಂದು ಗೊತ್ತಿತ್ತು. ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಊಟ, ಮಲಗುವುದು ಇನ್ನೆಲ್ಲೋ. ಆ ಬುಧವಾರ ಯಾರ ಮನೆಯದು ಎಂದು ಮಾತ್ರ ನಾನು ಎಂದೂ ಕೇಳಿರಲಿಲ್ಲ.

“ಹಿಂದಿನ ಬೀದಿ ಬಾವಿ ಹತ್ರ ಕೂತು ಓದ್ತಿದ್ರಂತೆ. ಹುಳಿ ಜಾಸ್ತಿ ಹಾಕಿಸ್ಕೊಳ್ತಿದ್ರಂತೆ. ನಮ್ಮತ್ತೆ ಸಾಯೋವರ್ಗೂ ಹೇಳೋರು.”

ನಾನು ಫೈಲಿನಿಂದ ಅವರ ಮನೆಯ ಫಾರಂ ತೆಗೆದೆ. ಸಹಿಯಿಲ್ಲದ, ಇನ್ನೂ ಎಲ್ಲಿಗೂ ಹೋಗದ ಹಾಳೆ. ಅರ್ಚಕರ ಮುಂದೆಯೇ ಹರಿದು ಚೀಲಕ್ಕೆ ಹಾಕಿಕೊಂಡೆ. “ನಿಮ್ಮನ್ನ ಕೇಳದೆ ನಿಮ್ಮ ಹೆಸರು ಎಲ್ಲೂ ಬರೆಯಲ್ಲ. ಶುಕ್ರವಾರ ಕೋಲಾರದಲ್ಲಿ ಈ ನಿಯಮದ ಬಗ್ಗೆ ಸಭೆ ಇದೆ. ಅಲ್ಲೀವರ್ಗೂ ಮಕ್ಕಳು ಇರಲಿ. ಆಮೇಲೆ ನಿಮಗೆ ಬೇಡ ಅನ್ನಿಸಿದ್ರೆ ನಾನೇ ಬೇರೆ ಮನೆ ಹುಡುಕಿಕೊಡ್ತೀನಿ,” ಎಂದೆ. ಅವರು ಉತ್ತರಿಸುವ ಮೊದಲೇ ಹೆಂಡತಿ, “ಇರ್ತಾವೆ ಬಿಡು,” ಎಂದರು.

ವಾಪಸ್ ಬರುವ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ತೊಡೆಯ ಮೇಲೆ ಫೈಲು ಇಟ್ಟುಕೊಂಡು, ಒಂದು ಖಾಲಿ ಫಾರಂ ಬೋರಲು ಹಾಕಿ, ಅದರ ಬೆನ್ನಿನ ಮೇಲೆ ಹೊಸ ಪ್ರಶ್ನೆಗಳನ್ನು ಬರೆಯತೊಡಗಿದೆ. ಈ ಮನೆಯಲ್ಲಿ ಒಂದು ಕೋಣೆಗೆ ಎಷ್ಟು ಜನ ಮಲಗುತ್ತಾರೆ? ಬಾಗಿಲಿಗೆ ಒಳಗಿನಿಂದ ಚಿಲಕ ಇದೆಯೇ? ಸ್ನಾನಕ್ಕೆ, ಶೌಚಕ್ಕೆ ಹೋಗಲು ಬೀದಿಗೆ ಇಳಿಯಬೇಕೇ? ಕಾಲೇಜಿಗೆ ನಡೆದು ಹೋಗಬಹುದೇ? ಹುಡುಗಿಗೆ ಹುಷಾರಿಲ್ಲದಾಗ ಯಾರು ನೋಡುತ್ತಾರೆ? ನಿನ್ನೆ ಏನು ಅಡುಗೆ? ಕೋಲಾರ ಬರುವಷ್ಟರಲ್ಲಿ ಹಾಳೆಯ ಹಿಂಬದಿ ತುಂಬಿತ್ತು. ನೋಂದಣಿ ಸಂಖ್ಯೆಯ ಪ್ರಶ್ನೆ ಅದರಲ್ಲಿ ಇರಲಿಲ್ಲ.

ಮರುದಿನ ಅದನ್ನು ಸಾಹೇಬರ ಮುಂದಿಟ್ಟೆ.

“ಕೇಳಿದ್ದಕ್ಕೆ ಉತ್ತರ ಕೊಡಿ ಅಂದ್ರೆ ನೀವು ಬೇರೆ ಪ್ರಶ್ನೆ ಮಾಡ್ಕೊಂಡು ಬಂದಿದೀರಲ್ಲ ಮೇಡಂ.”

“ಅವರು ಕೇಳಿದ್ದಕ್ಕೆ ನಮ್ಮ ಜಿಲ್ಲೇಲಿ ಉತ್ತರ ಇಲ್ಲ ಸರ್. ಮಕ್ಕಳು ನಿಜವಾಗ್ಲೂ ಪೇಟೇಲಿ ಇದ್ದಾರಾ ಅಂತ ತಾನೇ ಅವರಿಗೆ ಗೊತ್ತಾಗ್ಬೇಕು? ಅದು ಇದರಲ್ಲಿ ಗೊತ್ತಾಗುತ್ತೆ.”

ಸಾಹೇಬರು ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿದರು. ನಿಯಮ ಮೀರಿದ ಕೆಲಸ ಅವರಿಗೆ ಇಷ್ಟವಾಗುವುದಿಲ್ಲ. “ಶುಕ್ರವಾರದ ಸಭೆಗೆ ಜಂಟಿ ನಿರ್ದೇಶಕರು ಬೆಂಗಳೂರಿಂದ ಬರ್ತಿದಾರೆ. ನೀವೇ ಹೇಳಿ. ನಾನು ಪಕ್ಕದಲ್ಲಿ ಕೂತಿರ್ತೀನಿ,” ಎಂದರು. ಆಮೇಲೆ, ನಾನು ಬಾಗಿಲು ದಾಟುವಾಗ, “ಹುಡುಗೀರನ್ನ ಇಟ್ಕೊಂಡಿರೋ ಮನೆಯವ್ರು ಒಬ್ಬರನ್ನೂ ಕರ್ಕೊಂಡು ಬನ್ನಿ. ಕಾಗದ ಮಾತಾಡಲ್ಲ,” ಎಂದರು.

ಹೊಸ ಪ್ರಶ್ನೆಗಳನ್ನು ಹಿಡಿದು ಎರಡನೇ ಸಲ ಹೊರಟ ನನಗೆ ಬೇರೆಯೇ ಜಿಲ್ಲೆಯಲ್ಲಿ ತಿರುಗುತ್ತಿರುವಂತೆ ಅನ್ನಿಸಿತು. ಮಾಲೂರಿನ ಟೈಲರ್ ನನ್ನನ್ನು ಮಹಡಿಗೆ ಕರೆದುಕೊಂಡು ಹೋಗಿ ತಾವೇ ಹಾಕಿಸಿದ ಚಿಲಕ ತೋರಿಸಿದರು. ಎರಡು ಸಲ ಹಾಕಿ ತೆಗೆದರು. ಶ್ರೀನಿವಾಸಪುರದಲ್ಲಿ ಪೆದ್ದಮ್ಮ, “ಇದನ್ನ ಮೊದ್ಲೇ ಕೇಳೋಕೆ ಏನಾಗಿತ್ತಮ್ಮಾ ನಿಂಗೆ?” ಎಂದು ಬೈದು, ನಿನ್ನೆಯ ಅಡುಗೆ ಮಾತ್ರವಲ್ಲ, ಇಡೀ ವಾರದ ಅಡುಗೆ ಬರೆಸಿದರು. ಸೋಮವಾರ ಮಾವಿನಕಾಯಿ ಪಪ್ಪು, ಮಂಗಳವಾರ ಉಪ್ಪುಸಾರು, ಬುಧವಾರ ಮಸ್ಸೊಪ್ಪು. ನನ್ನ ಪೆನ್ನು ಹಿಂದೆ ಬಿದ್ದರೆ ಕಾಯುತ್ತಿದ್ದರು.

ಸಭೆಗೆ ಬರುತ್ತೀರಾ ಎಂದು ಕೇಳಿದೆ.

“ಊಟ ಐತಾ ಅಲ್ಲಿ?”

“ಇದೆ. ಪಲಾವ್ ಇರಬಹುದು.”

“ಹಂಗಾದ್ರೆ ನಾನೇ ಮಾಡ್ಕೊಂಡು ಬರ್ತೀನಿ.”

ಶುಕ್ರವಾರ ಬೆಳಗಿನ ಬಸ್ಸಿನಲ್ಲಿ ಪೆದ್ದಮ್ಮ, ರಾಯಲ್ಪಾಡಿನ ಹುಡುಗಿ, ಜೊತೆಗೆ ಅದೇ ಬೀದಿಯ ಇನ್ನೂ ಮೂವರು ಹೆಂಗಸರು ಬಂದಿಳಿದರು. ಒಬ್ಬರು ಸಾಕು ಎಂದು ನಾನು ಹೇಳಿದ್ದೆ. ಎಲ್ಲರೂ ರೇಷ್ಮೆ ಸೀರೆ ಉಟ್ಟಿದ್ದರು. ಮದುವೆ ದಿಬ್ಬಣದ ಹಾಗೆ ಕಚೇರಿಯ ಮೆಟ್ಟಿಲು ಹತ್ತಿದ ಅವರನ್ನು ಕಂಡು ಕಾವಲಿನವನು ಎದ್ದು ನಿಂತ. ಅವರ ಹಿಂದೆಯೇ ಮುಳಬಾಗಿಲಿನ ಅರ್ಚಕರ ಹೆಂಡತಿ ಒಬ್ಬರೇ ಬಂದರು. “ಅವರಿಗೆ ಪೂಜೆ ಇದೆ,” ಎಂದು ನಾನು ಕೇಳದೆಯೇ ಹೇಳಿದರು.

ಜಂಟಿ ನಿರ್ದೇಶಕರು ಮಿತಭಾಷಿ, ಕನ್ನಡಕ ಹಾಕಿದ ತೆಳ್ಳಗಿನ ಮನುಷ್ಯ. ನಾನು ಸಂಗ್ರಹಿಸಿದ್ದನ್ನೆಲ್ಲ ಕೇಳಿಸಿಕೊಂಡರು, ಬರೆದುಕೊಂಡರು. ಆಮೇಲೆ ನೇರವಾಗಿ ಹೆಂಗಸರ ಕಡೆ ನೋಡಿದರು.

“ತಿಂಗಳಿಗೊಂದು ರಶೀದಿ ಕೊಡೋಕೆ ನಿಮಗೆ ಏನು ಕಷ್ಟ?”

ಎಲ್ಲರೂ ಪೆದ್ದಮ್ಮನ ಕಡೆ ನೋಡಿದರು. ಪೆದ್ದಮ್ಮ ಎದ್ದು ನಿಂತರು. “ರೂಮಿಗೆ ಬೇಕಾದ್ರೆ ಕೊಡ್ತೀವಿ ಸ್ವಾಮಿ. ಊಟಕ್ಕೆ ಹೆಂಗೆ ಕೊಡೋದು? ಒಂದೊಂದು ದಿನ ನಮ್ಮನೇಲಿ ತಿಂತಾವೆ, ಒಂದೊಂದು ದಿನ ಅವೇ ಮಾಡಿ ನಮ್ಗೆ ಹಾಕ್ತಾವೆ. ಆವತ್ತು ರಶೀದಿ ಯಾರು ಯಾರ್ಗೆ ಕೊಡ್ಬೇಕು?”

ಸಭೆಯಲ್ಲಿ ಸಣ್ಣ ನಗು ಎದ್ದಿತು. ಜಂಟಿ ನಿರ್ದೇಶಕರು ನಗಲಿಲ್ಲ. “ಸರಿಯಮ್ಮ. ಆದರೆ ಈ ಹುಡುಗಿ ನಿಜವಾಗಿಯೂ ನಿಮ್ಮ ಮನೆಯಲ್ಲೇ ಇದ್ದಾಳೆ ಅಂತ ನಾನು ಹೇಗೆ ನಂಬಲಿ?”

ಆ ಪ್ರಶ್ನೆ ಬರುತ್ತದೆಂದು ನನಗೆ ಗೊತ್ತಿತ್ತು. ನಾನು ಸಿದ್ಧ ಮಾಡಿಕೊಂಡಿದ್ದ ಉತ್ತರ ನೆನಪಿಸಿಕೊಳ್ಳುವಷ್ಟರಲ್ಲಿ ಪೆದ್ದಮ್ಮ ಪಕ್ಕದಲ್ಲಿದ್ದ ರಾಯಲ್ಪಾಡಿನ ಹುಡುಗಿಯ ಹೆಗಲ ಮೇಲೆ ಕೈಯಿಟ್ಟಿದ್ದರು.

“ಇವ್ಳು ಬದ್ನೇಕಾಯಿ ಮುಟ್ಟಲ್ಲ, ತಟ್ಟೆ ಅಂಚಿಗೆ ಇಡ್ತಾಳೆ. ಪರೀಕ್ಷೆ ಅಂದ್ರೆ ಹಿಂದಿನ ದಿನ ಜ್ವರ ಬರ್ತೈತೆ, ಬರೆದು ಬಂದ್ಮೇಲೆ ಹೋಗ್ತೈತೆ. ಓದೋವಾಗ ಓಡಾಡ್ಕೊಂಡು ಓದ್ತಾಳೆ, ಕೆಳ್ಗೆ ನಮ್ಗೆ ದಡದಡ ಅಂತೈತೆ. ಇನ್ನೊಬ್ಳು ಅವ್ಳೆ, ಚಪ್ಲಿ ಬಾಗ್ಲು ಮಧ್ಯ ಬಿಡ್ತಾಳೆ, ನಮ್ಮೆಜಮಾನ್ರು ದಿನಾ ಎಡವ್ತಾರೆ. ಮೂರ್ನೇಯೋಳು…”

“ಸಾಕಮ್ಮ, ಸಾಕು,” ಎಂದರು ಜಂಟಿ ನಿರ್ದೇಶಕರು. ಅವರು ಪೆನ್ನು ಕೆಳಗಿಟ್ಟಿದ್ದರು. ಈಗ ಅವರೂ ನಗುತ್ತಿದ್ದರು. ಹುಡುಗಿಯ ಮುಖ ಮಾತ್ರ ನಾಚಿಕೆಯಿಂದ ಕೆಂಪಾಗಿತ್ತು.

ಆದರೆ ನಕ್ಕು ಬಿಟ್ಟುಬಿಡುವವರಲ್ಲ ಅವರು. ನನ್ನ ಕಡೆ ತಿರುಗಿದರು. “ಎಲ್ಲ ಊರಲ್ಲೂ ಇಂಥವರು ಇರಲ್ಲ. ದುರುಪಯೋಗ ಆದರೆ?”

ನಾನು ಎದ್ದೆ. ಪ್ರತಿ ತಾಲ್ಲೂಕಿನಲ್ಲೂ ಸರ್ಕಾರಿ ಹಾಸ್ಟೆಲ್ ಇದೆ, ಅದಕ್ಕೊಬ್ಬ ವಾರ್ಡನ್ ಇದ್ದಾರೆ. ಅವರು ಅರ್ಧ ವರ್ಷಕ್ಕೊಮ್ಮೆ ಈ ಮನೆಗಳಿಗೆ ಹೋಗಿ ಹೊಸ ನಮೂನೆಯಲ್ಲಿ ಬರೆದು ತರಲಿ. ಮನೆಯವರಿಂದ ಒಂದು ಸ್ವಯಂ ಘೋಷಣೆ ಸಾಕು. ಅದರಲ್ಲಿರುವ ಮಾಹಿತಿ ಈ ಸಹಾಯಧನಕ್ಕಲ್ಲದೆ ಬೇರೆ ಯಾವ ಕಚೇರಿಗೂ ಹೋಗಕೂಡದು ಎಂದೆ. ಕೊನೆಯ ಮಾತು ಹೇಳುವಾಗ ನನ್ನ ದನಿ ಸ್ವಲ್ಪ ಗಟ್ಟಿಯಾಯಿತು. ಸಾಹೇಬರು ಪಕ್ಕದಲ್ಲಿ ಕುಳಿತು ತಲೆಯಾಡಿಸುತ್ತಿದ್ದರು.

“ಹಾಗಾದರೆ ಆ ಷರತ್ತನ್ನ ಇಲ್ಲೇ ಬರೆಯಿರಿ,” ಎಂದರು ಜಂಟಿ ನಿರ್ದೇಶಕರು. “ಊಟ ಆಗೋಷ್ಟರಲ್ಲಿ ನನಗೆ ಬೇಕು.”

ಆರು ಸಾಲು ಬರೆದೆ. ‘ವಿದ್ಯಾರ್ಥಿನಿಯು ತನಗೆ ಸಂಬಂಧಿಕರಲ್ಲದ ಕುಟುಂಬವೊಂದರಲ್ಲಿ ವಾಸವಿದ್ದಲ್ಲಿ’ ಎಂದು ಶುರುವಾಗುತ್ತಿತ್ತು. ಓದಿ ಹೇಳಿದೆ. ಪೆದ್ದಮ್ಮ ಮಾತ್ರ ಒಪ್ಪಲಿಲ್ಲ.

“ಆ ಮಾತು ಬೇಡ ಕಣಮ್ಮ.”

“ಯಾವ ಮಾತು?”

“ಸಂಬಂಧಿಕರಲ್ಲದ ಅಂದ್ಯಲ್ಲ. ಮಕ್ಳು ಓದ್ಕೊಂಡಿರ್ತಾವೆ. ಏನಂದ್ಕೊಂತಾವೆ?”

ಕಾನೂನಿನ ಪ್ರಕಾರ ಆ ಪದವೇ ಇಡೀ ಷರತ್ತಿನ ಜೀವಾಳ. ಅದಿಲ್ಲದಿದ್ದರೆ ಬಂಧುಗಳ ಮನೆ ಯಾವುದು, ಬೇರೆ ಮನೆ ಯಾವುದು ಎಂದು ಹೇಳಲಾಗುವುದಿಲ್ಲ. ನಾನೂ ಸಾಹೇಬರೂ ಪದ ಹುಡುಕತೊಡಗಿದೆವು. ‘ಅನ್ಯ ಕುಟುಂಬ’ ಎಂದರು ಸಾಹೇಬರು. ಅದು ಇನ್ನೂ ಕೆಟ್ಟದು ಎಂದರು ಅರ್ಚಕರ ಹೆಂಡತಿ. ‘ಆತಿಥೇಯ ಕುಟುಂಬ’ ಎಂದೆ ನಾನು. ಏನದು ಎಂದು ಪೆದ್ದಮ್ಮ ಕೇಳಿದರು. ಕೊನೆಗೆ ಜಂಟಿ ನಿರ್ದೇಶಕರೇ ಹಾಳೆ ಎಳೆದುಕೊಂಡು ಮೊದಲ ಸಾಲು ಹೊಡೆದು ಹಾಕಿ, ‘ವಿದ್ಯಾರ್ಥಿನಿಯನ್ನು ಓದಿನ ಸಲುವಾಗಿ ತಮ್ಮ ಮನೆಯಲ್ಲಿ ಉಳಿಸಿಕೊಂಡವರು’ ಎಂದು ಬರೆದರು. ಪೆದ್ದಮ್ಮ ಎರಡು ಸಲ ಓದಿಸಿ ಕೇಳಿ, “ಹ್ಞೂಂ, ಇದಾಗ್ಬೋದು,” ಎಂದು ಒಪ್ಪಿಗೆ ಕೊಟ್ಟರು. ಜಿಲ್ಲಾ ಕಚೇರಿಯಲ್ಲಿ ಇಷ್ಟು ವರ್ಷ ಇದ್ದು, ಒಂದು ಕರಡಿಗೆ ಹೀಗೆ ಅನುಮೋದನೆ ಸಿಕ್ಕಿದ್ದನ್ನು ನಾನು ನೋಡಿರಲಿಲ್ಲ.

ಮಧ್ಯಾಹ್ನ ಪಲಾವ್ ಹಾಗೆಯೇ ಉಳಿಯಿತು. ಪೆದ್ದಮ್ಮ ಡಬ್ಬಿಗಳಲ್ಲಿ ತಂದಿದ್ದ ಚಿತ್ರಾನ್ನ, ಮಾವಿನ ಹಣ್ಣಿನ ಗೊಜ್ಜು ಎಲ್ಲರಿಗೂ ಸಾಕಾಗಿ ಡ್ರೈವರಿಗೂ ಮಿಕ್ಕಿತು.

ಆದೇಶ ಹೊರಬರಲು ಶ್ರಾವಣ ಕಳೆಯಿತು. ಬಂದ ದಿನ ಸಾಹೇಬರು ಅದನ್ನು ನನ್ನ ಮೇಜಿಗೆ ತಾವೇ ತಂದುಕೊಟ್ಟರು. ಹೋಗಿ ನೋಡುವುದು ಅರ್ಧ ವರ್ಷಕ್ಕೆ ಬದಲು ಮೂರು ತಿಂಗಳಿಗೊಮ್ಮೆ ಎಂದಾಗಿತ್ತು. ಮಾಹಿತಿ ಬೇರೆಡೆಗೆ ಹೋಗಬಾರದೆಂಬ ಮಾತು ಉಳಿದಿತ್ತು. ಮೊದಲ ಸಾಲು ಅಕ್ಷರ ಬದಲಾಗದೆ ಹಾಗೆಯೇ ಇತ್ತು. ಮುಳಬಾಗಿಲಿಗೆ ಫೋನ್ ಮಾಡಿದೆ. ಅರ್ಚಕರೇ ಎತ್ತಿದರು. ಮಕ್ಕಳು ಕಾಲೇಜಿಗೆ ಹೋಗಿದ್ದಾರೆ, ಸಂಜೆ ಮಾಡು ಎಂದರು. ನಿಮ್ಮ ಹತ್ತಿರವೇ ಮಾತಾಡಬೇಕಿತ್ತು ಎಂದೆ. “ನನ್ನ ಹತ್ರ ಏನಮ್ಮ? ಅವು ಇರೋದು ಇರೋದೇ,” ಎಂದು ಇಟ್ಟುಬಿಟ್ಟರು.

ಹೊಸ ನಮೂನೆಯ ಮೊದಲ ಪರಿಶೀಲನೆ ಹೇಗೆ ಮಾಡಬೇಕೆಂದು ವಾರ್ಡನ್‌ಗಳಿಗೆ ತೋರಿಸಿಕೊಡುವ ಕೆಲಸ ನನಗೇ ಬಂತು. ಶ್ರೀನಿವಾಸಪುರದ ವಾರ್ಡನ್ ಅನ್ನು ಕರೆದುಕೊಂಡು ಪೆದ್ದಮ್ಮನ ಮನೆಗೆ ಹೋದೆ. ಅಂದು ಮೇಲಿನ ಕೋಣೆಗೆ ಹೊಸಬಳೊಬ್ಬಳು ಸೇರಿ ಮೂರು ದಿನವಾಗಿತ್ತು. ಆಂಧ್ರದ ಗಡಿಗೆ ಅಂಟಿದ ಒಂದು ಹಳ್ಳಿಯವಳು, ಮನೆ ಬಿಟ್ಟು ಇರುವುದು ಇದೇ ಮೊದಲು. ಸರಿಯಾಗಿ ಊಟ ಮಾಡುತ್ತಿಲ್ಲ ಎಂದು ಪೆದ್ದಮ್ಮ ಒಳಗೆ ಕರೆದು ಪಿಸುಗುಟ್ಟಿದರು.

ನಾನು ಫಾರಂ ತೆಗೆದು ತುಂಬತೊಡಗಿದೆ. ಚಿಲಕ, ನೀರು, ಕೋಣೆ. ಒಂಬತ್ತನೇ ಕಾಲಂ ಬಂತು: ‘ಊಟದ ಗುಣಮಟ್ಟ, ಪರಿಶೀಲಿಸಿದವರ ಅಭಿಪ್ರಾಯ.’ ರಾಯಲ್ಪಾಡಿನ ಹುಡುಗಿ ನನ್ನ ಹೆಗಲ ಮೇಲಿಂದ ಬಗ್ಗಿ ಅದನ್ನು ಗಟ್ಟಿಯಾಗಿ ಓದಿದಳು.

“ಅಭಿಪ್ರಾಯ ಅಂದ್ರೆ ತಿಂದು ಹೇಳ್ಬೇಕು,” ಎಂದು ಪೆದ್ದಮ್ಮ ತಟ್ಟೆ ತಂದಿಟ್ಟರು.

ಎಲ್ಲರೂ ಸಾಲಾಗಿ ನೆಲದ ಮೇಲೆ ಕುಳಿತೆವು. ಮುದ್ದೆ, ಮಸ್ಸೊಪ್ಪು. ನಾನು ಒಂದು ಮುದ್ದೆ ಮುಗಿಸಿ ಕೈ ಅಡ್ಡ ಹಿಡಿದೆ. ಪೆದ್ದಮ್ಮ ಕೈ ಸರಿಸಿ ಇನ್ನೊಂದು ಇಟ್ಟರು. ಬೇಡ ಎಂದೆ, ಸಾಕು ಎಂದೆ, ಆಫೀಸಿನಲ್ಲಿ ನಿದ್ದೆ ಬರುತ್ತದೆ ಎಂದೆ. “ಗೌರ್ಮೆಂಟ್ ಕೆಲ್ಸ, ಅರ್ಧಕ್ಕೆ ಬಿಡ್ಬಾರ್ದು,” ಎಂದು ಮೇಲೆ ಸಾರು ಸುರಿದರು.

ಗೋಡೆಗೆ ಒರಗಿ ತಟ್ಟೆಯಲ್ಲಿ ಬೆರಳಾಡಿಸುತ್ತ ಕುಳಿತಿದ್ದ ಹೊಸ ಹುಡುಗಿ ನನ್ನ ಅವಸ್ಥೆ ನೋಡಿ ನಕ್ಕಳು. ಮೊದಲು ಮೆಲ್ಲಗೆ, ಆಮೇಲೆ ತಡೆಯಲಾರದೆ. ನಗು ನಿಂತ ಮೇಲೆ ತಟ್ಟೆಯನ್ನು ಹತ್ತಿರ ಎಳೆದುಕೊಂಡು ತಿನ್ನತೊಡಗಿದಳು. ಸ್ವಲ್ಪ ಹೊತ್ತಿಗೆ ಅದನ್ನು ಮುಂದೆ ಚಾಚಿ, “ನಂಗೂ ಇನ್ನೊಂದು, ಪೆದ್ದಮ್ಮಾ,” ಎಂದಳು.

ಪೆದ್ದಮ್ಮ ಏನೂ ಆಗದವರಂತೆ ಎದ್ದು ಒಳಗೆ ಹೋದರು. ನನ್ನ ಬಲಗೈಯೆಲ್ಲ ಮುದ್ದೆ. ಎಡಗೈಯಲ್ಲಿ ಪೆನ್ನು ಹಿಡಿದು ಒಂಬತ್ತನೇ ಕಾಲಂನಲ್ಲಿ ‘ಉತ್ತಮ’ ಎಂದು ಬರೆದೆ. ಅಕ್ಷರ ಸೊಟ್ಟಗೆ ಬಂತು. ವಾರ್ಡನ್ ಬೇರೆ ಫಾರಂ ಕೊಡಲೇ ಎಂದು ಕೇಳಿದರು. ಬೇಡ, ಇದೇ ಇರಲಿ ಎಂದೆ.